ಯುದ್ಧವನ್ನೇ ದಾಟಿದ ಬಾಲವಿಲ್ಲದ ಕೋತಿ!

ಒಂದು ಊಹೆ ಮಾಡಿ, ನೋಡೋಣ.

1940ರ ಜೂನ್ 12. ಪ್ಯಾರಿಸ್. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮಳೆ ಬೇರೆ! ಹಿಟ್ಲರನ ಸೈನ್ಯ ಊರ ಬಾಗಿಲಿಗೇ ಬಂದಿದೆ. ರೈಲು ಹಿಡಿಯುವ ಮಾತೇ ಇಲ್ಲ. ನಿಮ್ಮಲ್ಲಿ ಕಾರಿಲ್ಲ. ಇರುವುದು ಒಂದು ಸೈಕಲ್ಲು. ಅದರ ಮೇಲೆ ಎಷ್ಟು ಹಿಡಿಸುತ್ತದೋ ಅಷ್ಟನ್ನು ಹೇರಿಕೊಂಡು ಈಗಲೇ ಹೊರಡಬೇಕು.

ಏನನ್ನು ಎತ್ತಿಕೊಳ್ಳುತ್ತೀರಿ?

ಒಡವೆ? ನಗದು? ಮನೆಪತ್ರ? ಮದುವೆಯ ಫೋಟೊ?

ಒಂದು ಜೋಡಿ ಏನು ಎತ್ತಿಕೊಂಡಿತು ಕೇಳಿ. ಚಳಿಗಾಲದ ಕೋಟು. ಒಂದಿಷ್ಟು ಬ್ರೆಡ್ಡು, ಚೀಸು, ನೀರು. ಗಂಡನ ತಂಬಾಕಿನ ಪೈಪು. ಜೊತೆಗೆ, ನಂಬಿದರೆ ನಂಬಿ, ಒಂದು ಮಂಗನ ಚಿತ್ರಗಳು!

ಹೌದು, ಮಂಗ! ಅದೂ ಬಣ್ಣದಲ್ಲಿ ಬರೆದ, ಇನ್ನೂ ಯಾರೂ ಅಚ್ಚು ಹಾಕದ, ಮಕ್ಕಳ ಪುಸ್ತಕದ ಮಂಗ. ಊರಿಗೆ ಊರೇ ಜೀವ ಉಳಿಸಿಕೊಳ್ಳಲು ಓಡುತ್ತಿರುವಾಗ ಇವರು ಆ ಕಾಗದಗಳು ಒದ್ದೆಯಾಗದಂತೆ ಕಾಪಾಡುತ್ತಿದ್ದರು!

ಆ ಮಂಗ ಉಳಿಯಿತು. ಎಷ್ಟು ಚೆನ್ನಾಗಿ ಉಳಿಯಿತೆಂದರೆ... ಬೇಡ, ಆ ಸಂಖ್ಯೆಯನ್ನು ಈಗಲೇ ಹೇಳುವುದಿಲ್ಲ. ಸ್ವಲ್ಪ ಕಾಯಿರಿ.

ಮೊದಲು ಆ ಗಂಡಸಿನ ಕಥೆ. ಹೆಸರು ಹಾನ್ಸ್ ರೇಯರ್ಸ್‌ಬಾಖ್. ಹುಟ್ಟಿದ್ದು 1898ರಲ್ಲಿ, ಜರ್ಮನಿಯ ಹ್ಯಾಂಬರ್ಗ್ ಬಂದರಿನಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಈತನ ಬಾಲ್ಯದ ಅದೃಷ್ಟ ನೋಡಿ: ಮನೆಯ ಹತ್ತಿರದಲ್ಲೇ ಹ್ಯಾಗನ್‌ಬೆಕ್ ಮೃಗಾಲಯ! ಪ್ರಾಣಿಗಳನ್ನು ಸರಳಿನ ಹಿಂದೆ ಕೂಡಿಹಾಕದೆ, ನಡುವೆ ಕಂದಕ ತೋಡಿ ಬಯಲಲ್ಲೇ ಬಿಟ್ಟು ಜಗತ್ತನ್ನೇ ಬೆರಗುಗೊಳಿಸಿದ ಜಾಗ ಅದು. ಹುಡುಗ ಅಲ್ಲಿಂದ ಕದಲುತ್ತಿರಲಿಲ್ಲ. ಹಸು-ಕುರಿಗಳಿಗಿಂತ ಆನೆ, ಕಾಂಗರೂಗಳ ಪರಿಚಯವೇ ತನಗೆ ಹೆಚ್ಚಾಗಿತ್ತು ಎಂದು ಮುಂದೆ ಹೇಳಿಕೊಂಡಿದ್ದ. ಸಿಂಹದ ಹಾಗೆ ಗರ್ಜಿಸಲೂ ಕಲಿತಿದ್ದ!

ಆಮೇಲೆ ಮೊದಲ ಮಹಾಯುದ್ಧ. ಹುಡುಗ ಸೈನಿಕನಾದ. ಬೆನ್ನಚೀಲದಲ್ಲಿ ಏನಿಟ್ಟುಕೊಂಡಿದ್ದ ಗೊತ್ತೆ? ನಕ್ಷತ್ರಗಳ ಬಗ್ಗೆ ಒಂದು ಪುಟಾಣಿ ಪುಸ್ತಕ. ಈ ಪುಸ್ತಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಇದು ಅರುಂಧತಿಯವರೆಗೆ ನಮ್ಮನ್ನು ಕರೆದೊಯ್ಯಲಿದೆ. ಹೌದು, ನಮ್ಮ ಮದುವೆಮನೆಯ ಅರುಂಧತಿಯೇ!

ಯುದ್ಧ ಮುಗಿಯಿತು. ಜರ್ಮನಿಯಲ್ಲಿ ಹಣಕ್ಕೆ ಕಾಗದದ ಬೆಲೆಯೂ ಇಲ್ಲ. ಹಾನ್ಸ್ ಸರ್ಕಸ್ ಕಂಪನಿಗೆ ಪೋಸ್ಟರ್ ಬರೆದ. ಹೊಟ್ಟೆ ತುಂಬಲಿಲ್ಲ. 1920ರ ದಶಕದ ನಡುವೆ ಹಡಗು ಹತ್ತಿ ಬ್ರೆಜಿಲ್‌ಗೆ ಹೊರಟೇಬಿಟ್ಟ.

ಅಲ್ಲಿ ಏನು ಕೆಲಸ? ಊಹಿಸಿ! ಚಿತ್ರಕಾರ? ಅಲ್ಲ. ಮೇಷ್ಟ್ರು? ಅಲ್ಲ.

ಸ್ನಾನದ ತೊಟ್ಟಿ ಮಾರುವವನು!

ಅದೂ ಎಲ್ಲಿ? ಅಮೆಜಾನ್ ನದಿಯ ಉದ್ದಕ್ಕೂ! ಭೂಮಿಯ ಮೇಲೆ ಅತಿ ಹೆಚ್ಚು ನೀರು ಹರಿಸುವ ನದಿಯ ದಡದಲ್ಲಿ ನಿಂತು ಜನರಿಗೆ ಸ್ನಾನದ ತೊಟ್ಟಿ ಮಾರುವುದು! ಇಂಥ ಕಸುಬನ್ನು ಕಥೆಗಾರ ಕಲ್ಪಿಸಿಕೊಂಡಿದ್ದರೆ ಸಂಪಾದಕರು ಹೊಡೆದು ಹಾಕುತ್ತಿದ್ದರು. ಹಾನ್ಸ್ ಮಾತ್ರ ವರ್ಷಗಟ್ಟಲೆ ಅದನ್ನೇ ಮಾಡಿದ. ಬಿಡುವು ಸಿಕ್ಕಾಗ ದಡದಲ್ಲಿ ಕೂತು ಮರದ ಮೇಲಿನ ಮಂಗಗಳನ್ನು ನೋಡುತ್ತಿದ್ದ. ನೋಡುತ್ತ ನೋಡುತ್ತ ಬರೆಯುತ್ತಿದ್ದ.

ರೇಯರ್ಸ್‌ಬಾಖ್ ಎಂಬ ಹೆಸರು ಬ್ರೆಜಿಲ್‌ನವರ ನಾಲಿಗೆಗೆ ಒಗ್ಗಲೇ ಇಲ್ಲ. ಬಾಲ ಕತ್ತರಿಸಿ ‘ರೇ’ ಎಂದುಕೊಂಡ. ಬಾಲ ಕತ್ತರಿಸುವುದು ಈತನ ಹವ್ಯಾಸ. ಇದನ್ನೂ ಮುಂದೆ ನೋಡುತ್ತೀರಿ!

ಈಗ ಆಕೆಯ ಸರದಿ.

ಮಾರ್ಗ್ರೆಟ್ ವಾಲ್ಡ್‌ಸ್ಟೈನ್. ಅದೇ ಹ್ಯಾಂಬರ್ಗಿನವಳು, ಎಂಟು ವರ್ಷ ಚಿಕ್ಕವಳು, ರಾಜಕಾರಣಿಯ ಮಗಳು. ಹಾನ್ಸ್ ಅವಳನ್ನು ಮೊದಲು ನೋಡಿದಾಗ ಏನು ಮಾಡುತ್ತಿದ್ದಳು? ತನ್ನ ಮನೆಯ ಮೆಟ್ಟಿಲ ಪಕ್ಕದ ಕಟಾಂಜನದ ಮೇಲೆ ಕೂತು ಜರ್ರನೆ ಜಾರುತ್ತಿದ್ದಳು! ಇಬ್ಬರೂ ಮುಂದೆ ನಗುನಗುತ್ತ ಹೇಳಿಕೊಳ್ಳುತ್ತಿದ್ದ ಪ್ರಸಂಗ ಇದು. ಆ ಜಾರುವ ಹುಡುಗಿಯನ್ನು ಚೆನ್ನಾಗಿ ಗಮನಿಸಿ. ಜಗತ್ತಿನ ಅತಿ ತುಂಟ ಮಂಗನ ಮೊದಲ ಕರಡು ಆಕೆಯೇ ಎಂದು ನನಗಂತೂ ಅನ್ನಿಸುತ್ತದೆ.

ಆಕೆ ಹೆಸರಾಂತ ಬೌಹೌಸ್ ಕಲಾಶಾಲೆಯಲ್ಲಿ ಕಲಿತಳು. ಫೋಟೊ ತೆಗೆದಳು. ಜಾಹೀರಾತು ಬರೆದಳು. ಅಷ್ಟರಲ್ಲಿ ಹಿಟ್ಲರ್ ಬಂದ. ಯಹೂದಿಗಳಿಗೆ ಜರ್ಮನಿಯಲ್ಲಿ ಉಸಿರು ಕಟ್ಟಿತು. 1935ರಲ್ಲಿ ಮಾರ್ಗ್ರೆಟ್ ನೇರ ರಿಯೊ ಡಿ ಜನೈರೊಗೆ ಬಂದಿಳಿದಳು. ಹಾನ್ಸ್ ಸಿಕ್ಕಿದ. “ತೊಟ್ಟಿ ಮಾರಿದ್ದು ಸಾಕು” ಎಂಬ ಧಾಟಿಯಲ್ಲಿ ಅವನನ್ನು ಹೊರಗೆಳೆದಳು. ಇಬ್ಬರೂ ಸೇರಿ ಜಾಹೀರಾತು ಕಂಪನಿ ತೆರೆದರು. ಅದೇ ವರ್ಷ ಮದುವೆ! ಇಬ್ಬರೂ ಬ್ರೆಜಿಲ್‌ನ ಪ್ರಜೆಗಳೂ ಆದರು. ಆ ಪಾಸ್‌ಪೋರ್ಟೇ ಐದು ವರ್ಷದ ನಂತರ ಪ್ರಾಣ ಉಳಿಸಲಿದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು?

ಮನೆಯಲ್ಲಿ ಯಾರಿದ್ದರು ಹೇಳಿ? ಎರಡು ಮಾರ್ಮೊಸೆಟ್‌ಗಳು! ಅಂಗೈಯಲ್ಲಿ ಕೂರುವಷ್ಟು ಚಿಕ್ಕ ಕೋತಿಗಳು. ಯುರೋಪಿಗೆ ಹನಿಮೂನ್ ಹೊರಟಾಗ ಅವುಗಳನ್ನೂ ಹಡಗಿಗೆ ಹತ್ತಿಸಿಕೊಂಡರು. ಅಟ್ಲಾಂಟಿಕ್‌ನ ಚಳಿ ತಡೆಯಲೆಂದು ಮಾರ್ಗ್ರೆಟ್ ಅವಕ್ಕೆ ಪುಟ್ಟ ಪುಟ್ಟ ಸ್ವೆಟರ್ ಹೆಣೆದಳು. ಆದರೂ ಎರಡೂ ಬದುಕಲಿಲ್ಲ.

ಹನಿಮೂನಿನ ಜೋಡಿ ಪ್ಯಾರಿಸ್ ತಲುಪಿತು. ಮೋಂಮಾರ್ತ್ ಗುಡ್ಡದ ಮೇಲಿನ ಒಂದು ಹೋಟೆಲ್. ಕೆಲವು ವಾರ ಇದ್ದು ಹೊರಡುವ ಲೆಕ್ಕ. ಎಷ್ಟು ದಿನ ಇದ್ದರು? ಊಹಿಸಿ!

ನಾಲ್ಕು ವರ್ಷ!

ಹಾನ್ಸ್ ಪತ್ರಿಕೆಗೆಂದು ಒಂದು ಜಿರಾಫೆಯ ತಮಾಷೆ ಚಿತ್ರ ಬರೆದ. ಗಾಲಿಮಾರ್ ಎಂಬ ದೊಡ್ಡ ಪ್ರಕಾಶನ ಸಂಸ್ಥೆಯವರ ಕಣ್ಣಿಗೆ ಅದು ಬಿತ್ತು. ಇದನ್ನೇ ಮಕ್ಕಳ ಪುಸ್ತಕ ಮಾಡಿಕೊಡಿ ಎಂದರು. 1939ರಲ್ಲಿ ಪುಸ್ತಕ ಬಂತು: ಒಂಟಿ ಜಿರಾಫೆ, ಅದರ ಜೊತೆ ಒಂಬತ್ತು ಮಂಗಗಳು. ಎಂಟು ಮಂಗಗಳನ್ನು ಮರೆತುಬಿಡಿ. ಒಂಬತ್ತನೆಯದು ಪುಟದಲ್ಲಿ ನೆಟ್ಟಗೆ ಕೂರುವ ಪೈಕಿಯೇ ಅಲ್ಲ! ಸುಮ್ಮನಿರದು, ಎಲ್ಲದಕ್ಕೂ ಕೈ ಹಾಕುತ್ತದೆ. ಗಂಡಹೆಂಡಿರಿಗೆ ಅದರ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಇದಕ್ಕೆ ಪ್ರತ್ಯೇಕ ಪುಸ್ತಕವೇ ಬೇಕು ಎಂದು ಶುರು ಮಾಡಿದರು. ಹೆಸರು ಫಿಫಿ.

ಅಷ್ಟರಲ್ಲಿ ಯುದ್ಧ ಸಿಡಿಯಿತು.

ದಂಪತಿ ದಕ್ಷಿಣ ಫ್ರಾನ್ಸಿನ ಒಂದು ಹಳೆಯ ಕೋಟೆಮನೆಯಲ್ಲಿ ಕೆಲಕಾಲ ಇದ್ದರು. ಊರವರಿಗೆ ಅನುಮಾನ. ಜರ್ಮನ್ ಧಾಟಿಯ ಫ್ರೆಂಚ್ ಮಾತಾಡುವ ಇಬ್ಬರು, ದಿನವಿಡೀ ಬಾಗಿಲು ಹಾಕಿಕೊಂಡು ಒಳಗೆ ಏನೋ ಮಾಡುತ್ತಾರೆ. ಏನದು? ಬಾಂಬೇ? ಪೊಲೀಸರು ಬಂದೇಬಿಟ್ಟರು. ಕೋಣೆ ಜಾಲಾಡಿದರು. ಸಿಕ್ಕಿದ್ದು?

ಮಂಗ!

ಮೇಜಿನ ತುಂಬ ಮಂಗನ ಚೇಷ್ಟೆಗಳು. ಇಂಥದ್ದನ್ನು ಬರೆಯುವವರು ಗೂಢಚಾರರಾಗಲು ಸಾಧ್ಯವೇ ಇಲ್ಲವೆಂದು ಪೊಲೀಸರು ಬಂದ ದಾರಿಗೆ ಸುಂಕವಿಲ್ಲದಂತೆ ಹೊರಟುಹೋದರು. ಹೀಗೆ ಮಂಗ ತನ್ನ ಯಜಮಾನರನ್ನು ಒಂದು ಸಲ ಕಾಪಾಡಿತು. ಲೆಕ್ಕ ಇಟ್ಟುಕೊಳ್ಳಿ.

ಈಗ ಮತ್ತೆ 1940ರ ಜೂನ್. ಪ್ಯಾರಿಸ್‌ನಿಂದ ಸುಮಾರು 20 ಲಕ್ಷ ಜನ ಗುಳೆ ಹೊರಟಿದ್ದಾರೆ. ಹಾನ್ಸ್ ಸೈಕಲ್ ಅಂಗಡಿಗೆ ಓಡಿದ. ಎಲ್ಲವೂ ಖಾಲಿ! ಇದ್ದದ್ದು ಇಬ್ಬರು ಒಟ್ಟಿಗೆ ತುಳಿಯುವ ಒಂದು ಜೋಡಿ ಸೈಕಲ್ ಮಾತ್ರ. ಹತ್ತಿ ನೋಡಿದರು. ಮಾರ್ಗ್ರೆಟ್‌ಗೆ ಅದು ಸುತರಾಂ ಆಗಲಿಲ್ಲ. ಗಂಡಹೆಂಡಿರು ಒಂದೇ ದಿಕ್ಕಿಗೆ ಒಂದೇ ವೇಗದಲ್ಲಿ ತುಳಿಯುವುದು ಅಷ್ಟು ಸುಲಭವೇ!

ಈಗೇನು ಮಾಡಬೇಕು? ಸೈಕಲ್ ಇಲ್ಲ. ಆದರೆ ಬಿಡಿಭಾಗಗಳಿವೆ.

ಹಾನ್ಸ್ ಬಿಡಿಭಾಗ ಕೊಂಡ. ಕೂತು ಜೋಡಿಸಿದ. ಒಂದಲ್ಲ, ಎರಡು ಸೈಕಲ್! ಸ್ನಾನದ ತೊಟ್ಟಿ ಮಾರಿದ, ಮಂಗನ ಚಿತ್ರ ಬರೆಯುವ, 41 ವರ್ಷದ ಮನುಷ್ಯ ತನ್ನ ಕೈಯಾರೆ ಸೈಕಲ್ ಕಟ್ಟಿದ! ಅವನ್ನು ಹತ್ತಿ, ಜೂನ್ 12ರ ಮಳೆಯ ಬೆಳಗಿನಲ್ಲಿ ಇಬ್ಬರೂ ಪ್ಯಾರಿಸ್ ಬಿಟ್ಟರು.

ಹಿಟ್ಲರನ ಸೈನ್ಯ ಪ್ಯಾರಿಸ್‌ಗೆ ನುಗ್ಗಿದ್ದು ಯಾವಾಗ?

ಜೂನ್ 14ರಂದು. ಎರಡೇ ದಿನ!

ದಾರಿ ತುಂಬ ಜನ. ಕಾರು, ಗಾಡಿ, ತಳ್ಳುಗಾಡಿ, ಕಂಕುಳಲ್ಲಿ ಕೂಸು. ಸೈಕಲ್ಲಿಗೆ ಮಾತ್ರ ಸಂದಿ ಸಿಗುತ್ತಿತ್ತು. ಮೊದಲ ರಾತ್ರಿ ಒಂದು ರೈತನ ಮನೆಯಲ್ಲಿ ನಿದ್ದೆ. ಇನ್ನೊಂದು ರಾತ್ರಿ? ಕೊಟ್ಟಿಗೆಯಲ್ಲಿ, ಹಸುಗಳ ಪಕ್ಕದಲ್ಲಿ! ಹ್ಯಾಂಬರ್ಗಿನ ಹುಡುಗನಿಗೆ ಕೊನೆಗೂ ಹಸುವಿನ ಪರಿಚಯವಾಯಿತು. ಹೀಗೆ ಮೂರು ದಿನ ತುಳಿದು ಸುಮಾರು 120 ಕಿಲೋಮೀಟರ್ ದೂರದ ಓರ್ಲೆಯಾಂ ಊರು ಮುಟ್ಟಿದರು. ಅಲ್ಲಿ ದಕ್ಷಿಣಕ್ಕೆ ಹೊರಟ ರೈಲು ಸಿಕ್ಕಿತು!

ಇದೆಲ್ಲ ಹೊರಗೆ ಬಂದದ್ದು ಹೇಗೆ ಗೊತ್ತೆ? ಹಾನ್ಸ್‌ಗೆ ಒಂದು ಚಟವಿತ್ತು: ಕಿಸೆಯಲ್ಲಿ ಹಿಡಿಸುವ ಪುಟ್ಟ ಡೈರಿಯಲ್ಲಿ ಎಲ್ಲವನ್ನೂ ಎರಡೆರಡು ಪದಗಳಲ್ಲಿ ಗೀಚಿಡುವುದು. ಅದನ್ನೂ ಉಳಿದ ಕಾಗದಗಳನ್ನೂ ಬೆನ್ನು ಹತ್ತಿ ಲೂಯಿಸ್ ಬೋರ್ಡನ್ ಎಂಬ ಅಮೆರಿಕದ ಲೇಖಕಿ ಈ ಪಲಾಯನವನ್ನು ಹೆಜ್ಜೆ ಹೆಜ್ಜೆಯಾಗಿ ಮತ್ತೆ ಕಟ್ಟಿಕೊಟ್ಟರು. ಆ ಪುಸ್ತಕ ಬಂದದ್ದು 2005ರಲ್ಲಿ. ಅಲ್ಲಿಯವರೆಗೆ ಕೋಟಿಗಟ್ಟಲೆ ಮಕ್ಕಳು ಮಂಗನನ್ನು ಓದಿದ್ದರು, ಆ ಮಂಗ ದಾಟಿ ಬಂದ ದಾರಿ ಮಾತ್ರ ಬಹುಮಂದಿಗೆ ಗೊತ್ತೇ ಇರಲಿಲ್ಲ!

ರೈಲಿಗೆ ಮರಳೋಣ. ತಪಾಸಣೆಯ ಅಧಿಕಾರಿ ಬಂದ. ಮಾತಿನಲ್ಲಿ ಜರ್ಮನ್ ಧಾಟಿ. ಹುಬ್ಬು ಗಂಟಿಕ್ಕಿತು. ಚೀಲ ಬಿಚ್ಚಿ ಎಂದ. ಬಿಚ್ಚಿದರು. ಮೊದಲು ಕೈಗೆ ಬಂದದ್ದು ಏನು?

ನೀವೇ ಹೇಳಿ!

ಮಂಗ! ಮತ್ತದೇ ಮಂಗ! ಅಧಿಕಾರಿ ಒಂದೆರಡು ಹಾಳೆ ತಿರುವಿದ. ಗಂಟಿಕ್ಕಿದ ಹುಬ್ಬು ಸಡಿಲಾಯಿತು. ನಕ್ಕ. ಹೋಗಿ ಎಂದ. ಎರಡನೆಯ ಸಲ!

ಸ್ಪೇನ್ ದಾಟಿದರು. ಪೋರ್ಚುಗಲ್‌ನ ಲಿಸ್ಬನ್ ಮುಟ್ಟಿದರು. ಅಲ್ಲಿಂದ ಹಡಗಿನಲ್ಲಿ ಮತ್ತೆ ರಿಯೊ. ರಿಯೊದಿಂದ ಇನ್ನೊಂದು ಹಡಗು. 1940ರ ಅಕ್ಟೋಬರ್ 14ರಂದು ನ್ಯೂಯಾರ್ಕ್ ಬಂದರು. ಸೈಕಲ್ ಹತ್ತಿದಾಗಿನಿಂದ ಲೆಕ್ಕ ಹಾಕಿದರೆ ನಾಲ್ಕು ತಿಂಗಳು, ಐದು ದೇಶ. ಇಬ್ಬರೂ ಸುರಕ್ಷಿತ. ಕಾಗದಗಳೂ ಸುರಕ್ಷಿತ!

ಆ ಕಟ್ಟಿನಲ್ಲಿ ಮಂಗ ಒಂದೇ ಇರಲಿಲ್ಲ. ಒಂದು ಪೆಂಗ್ವಿನ್ನೂ ಇತ್ತು! ಲೋಕ ಸುತ್ತಲು ಹೊರಟ ಪೆಂಗ್ವಿನ್. ಅದರ ಪಾಡು ಕೇಳಿ. ಯಾಕೋ ಅಚ್ಚಾಗಲೇ ಇಲ್ಲ. ಗಂಟು ಬಿಚ್ಚದೆ ಕೂತಿತು. ಯಜಮಾನ ತೀರಿಕೊಂಡ. ಯಜಮಾನತಿಯೂ ತೀರಿಕೊಂಡಳು. ಮಿಸಿಸಿಪ್ಪಿ ರಾಜ್ಯದ ಹ್ಯಾಟಿಸ್‌ಬರ್ಗ್ ಊರಿನ ವಿಶ್ವವಿದ್ಯಾಲಯಕ್ಕೆ ಸೇರಿದ ಇವರ ಕಾಗದಪತ್ರಗಳ ರಾಶಿಯಲ್ಲಿ ಅದು ಕಣ್ಣಿಗೆ ಬಿತ್ತು. ಕೊನೆಗೆ ಪುಸ್ತಕವಾಗಿ ಬಂದದ್ದು ಯಾವಾಗ? 2000ದಲ್ಲಿ! ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಪೆಂಗ್ವಿನ್ ಮಕ್ಕಳ ಕೈ ಸೇರಲು ಅರವತ್ತು ವರ್ಷ ಕಾಯಿತು!

ಮಂಗನಿಗೆ ಅಷ್ಟು ಕಾಯುವ ತಾಳ್ಮೆ ಎಲ್ಲಿ? 1941ರಲ್ಲೇ ಹೊರಬಂತು. ಪ್ರಕಾಶಕರು ಹೌಟನ್ ಮಿಫ್ಲಿನ್. ಸಂಪಾದಕರು ಒಂದೇ ತಕರಾರು ತೆಗೆದರು. ಗಂಡು ಮಂಗನಿಗೆ ಫಿಫಿ ಎಂಬ ಹೆಸರೇ? ಬದಲಾಯಿಸಿ!

ಬದಲಾಯಿಸಿದರು. ಈಗ ಗೊತ್ತಾಯಿತೇ, ಯಾರು ಅಂತ?

ಜಾರ್ಜ್. ಕ್ಯೂರಿಯಸ್ ಜಾರ್ಜ್!

ನಿಮ್ಮ ಮನೆಯ ಮಗು ಟಿವಿಯಲ್ಲಿ ನೋಡಿ ಕುಣಿದಿರಬಹುದಾದ, ಹಳದಿ ಟೋಪಿಯ ಮನುಷ್ಯನ ಹಿಂದೆ ಓಡುವ, ಕಂಡಿದ್ದನ್ನೆಲ್ಲ ಕೆದಕುವ ಅದೇ ಕಂದು ಕೋತಿ! ಬಾಕಿ ಇಟ್ಟಿದ್ದ ಸಂಖ್ಯೆ ಈಗ ತಗೊಳ್ಳಿ: ಈ ಪುಸ್ತಕಗಳು ಇಲ್ಲಿಯವರೆಗೆ ಮಾರಾಟವಾಗಿರುವುದು ಏಳೂವರೆ ಕೋಟಿ ಪ್ರತಿಗೂ ಹೆಚ್ಚು. ಏಳೂವರೆ ಕೋಟಿ! ಕರ್ನಾಟಕದ ಮನೆಮನೆಯಲ್ಲಿ ತಲೆಗೊಂದರಂತೆ ಹಂಚಿದರೂ ಮಿಕ್ಕುತ್ತವೆ.

ಇಂಗ್ಲೆಂಡಿನಲ್ಲಿ ಮಾತ್ರ ಪೇಚಾಯಿತು. ಅಲ್ಲಿ ಸಿಂಹಾಸನದ ಮೇಲೆ ಕೂತಿದ್ದವರು ಯಾರು? ಆರನೆಯ ಜಾರ್ಜ್! ತುಂಟ ಕೋತಿಗೆ ದೊರೆಯ ಹೆಸರೇ? ಶಿವ ಶಿವಾ! ಇಂಗ್ಲೆಂಡಿನ ಮಂಗ ‘ಝೋಝೋ’ ಆಯಿತು.

ಇನ್ನೊಂದು ಹೆಸರಿನ ಕಥೆ ಹೇಳಲೇಬೇಕು, ಇದರಲ್ಲಿ ಮಾತ್ರ ನನಗೆ ನಗು ಬರುವುದಿಲ್ಲ. ಮೊದಲ ಪುಸ್ತಕದ ಹೊದಿಕೆಯ ಮೇಲೆ ಇದ್ದದ್ದು ಒಬ್ಬರದೇ ಹೆಸರು: ಎಚ್.ಎ. ರೇ. ಮಾರ್ಗ್ರೆಟ್ ಎಲ್ಲಿ? ಮಾಯ! ಯಾಕೆ? ಮಕ್ಕಳ ಪುಸ್ತಕದ ಲೋಕದಲ್ಲಿ ಹೆಂಗಸರೇ ತುಂಬಿದ್ದಾರೆ, ಗಂಡಸಿನ ಹೆಸರಿದ್ದರೆ ಎದ್ದು ಕಾಣುತ್ತದೆ ಎಂಬ ಲೆಕ್ಕಾಚಾರ. ಕಥೆ ಕಟ್ಟಿದವಳು ಆಕೆ. ಮಾತು ತಿದ್ದಿದವಳು ಆಕೆ. ಮಂಗ ಹೇಗೆ ಜಿಗಿಯುತ್ತದೆ, ಹೇಗೆ ಬಾಗುತ್ತದೆ ಎಂದು ತಾನೇ ಮೈ ತಿರುಚಿ, ಕುಣಿದು ತೋರಿಸಿದವಳೂ ಆಕೆಯೇ, ಎದುರಿಗೆ ಕೂತು ಬರೆಯುತ್ತಿದ್ದದ್ದು ಹಾನ್ಸ್! ಆಕೆಯ ಹೆಸರೂ ಹೊದಿಕೆಗೆ ಏರಲು ವರ್ಷಗಳೇ ಬೇಕಾದವು. ಮುಂದೆ ಈ ಬಗ್ಗೆ ಕೇಳಿದವರಿಗೆ ಆಕೆ ಮುಲಾಜಿಲ್ಲದೆ ಅಸಮಾಧಾನ ಹೇಳುತ್ತಿದ್ದಳು. ಹೇಳದೆ ಬಿಡುತ್ತಾಳೆಯೇ, ಕಟಾಂಜನ ಜಾರಿದವಳು!

ಪುಸ್ತಕದೊಳಗೆ ಇಣುಕೋಣ ಬನ್ನಿ. ಹುಷಾರು, ಕೆಲವು ಪುಟ ನೋಡಿದರೆ ಇಂದಿನ ಅಪ್ಪ-ಅಮ್ಮಂದಿರು ಹೌಹಾರುತ್ತಾರೆ!

ಮೊದಲ ಪುಸ್ತಕದಲ್ಲೇ ಜಾರ್ಜ್ ಊಟ ಮುಗಿಸಿ ಆರಾಮಾಗಿ ಕೂತು ಪೈಪ್ ಸೇದುತ್ತದೆ! ಬರೆದವನ ಕಿಸೆಯಲ್ಲೂ ಒಂದು ಪೈಪ್ ಇತ್ತಲ್ಲ. 1947ರ ಎರಡನೆಯ ಪುಸ್ತಕದಲ್ಲಿ ಆಸ್ಪತ್ರೆಯ ಈಥರ್ ಬಾಟಲಿಗೇ ಮೂಗಿಟ್ಟು ತಲೆ ತಿರುಗಿ ಬೀಳುತ್ತದೆ! ಮತ್ತೆ ಮೊದಲ ಪುಸ್ತಕಕ್ಕೇ ಬಂದರೆ, ಫೋನ್ ತಿರುಗಿಸಿ ಸುಮ್ಮಸುಮ್ಮನೆ ಅಗ್ನಿಶಾಮಕ ದಳ ಕರೆಸುತ್ತದೆ. ಜೈಲಿಗೂ ಹೋಗುತ್ತದೆ. ಚಿತ್ರಪುಸ್ತಕದ ನಾಯಕ ಜೈಲಿನಲ್ಲಿ! ಅಲ್ಲಿಂದ ಹೇಗೆ ಪಾರು? ಟೆಲಿಫೋನ್ ತಂತಿಯ ಮೇಲೆ ನಡೆದು! ಆಮೇಲೆ ಬಲೂನಿನ ಗೊಂಚಲು ಹಿಡಿದು ಊರಿನ ಮೇಲೆ ಹಾರಾಟ!

ಒಂದು ಮಾತು. ಆಫ್ರಿಕದ ಕಾಡಿನಿಂದ ಟೋಪಿಯ ಆಮಿಷ ತೋರಿ, ಚೀಲಕ್ಕೆ ತುಂಬಿ ಮಂಗನನ್ನು ಹಡಗಿಗೆ ಹಾಕಿಕೊಂಡು ಬರುವ ಆ ಮೊದಲ ಪುಟಗಳು ಇಂದು ಇರುಸುಮುರುಸು ಮಾಡುತ್ತವೆ. ಮಾಡಲೇಬೇಕು. ಗುಲಾಮರ ಹಡಗುಗಳು ನೆನಪಾಗುತ್ತವೆ ಎಂದು ಬರೆದ ವಿಮರ್ಶಕರಿದ್ದಾರೆ, ಅವರ ಮಾತು ತಳ್ಳಿಹಾಕುವಂಥದ್ದಲ್ಲ.

ಆದರೆ ಅದೇ ಪುಟಗಳನ್ನು ಇನ್ನೊಮ್ಮೆ ನೋಡಿ! ಒಂದು ಜೀವ ಸಮುದ್ರ ದಾಟುತ್ತದೆ. ಗುರುತಿಲ್ಲದ ದೊಡ್ಡ ಊರಿಗೆ ಬಂದಿಳಿಯುತ್ತದೆ. ಅಲ್ಲಿಯ ಫೋನು, ಅಲ್ಲಿಯ ಕಾನೂನು, ಯಾವುದೂ ಅದಕ್ಕೆ ತಿಳಿಯದು. ಪೊಲೀಸರು ಹಿಡಿಯುತ್ತಾರೆ. ತಪ್ಪಿಸಿಕೊಂಡು ಓಡುತ್ತದೆ. ಯಾರ ಕಥೆ ಇದು? ವಲಸೆ ಬಂದವರ ಕಥೆಯೇ ತಾನೆ? ತಮ್ಮ ಅನುಭವವನ್ನೇ ಬರೆದರು ಅನ್ನುತ್ತೀರಾ?

ಇಲ್ಲೇ ಇರುವುದು ಮಜಾ. ಮಂಗನ ಕಥೆ ಹುಟ್ಟಿದ್ದು ಪ್ಯಾರಿಸ್‌ನಲ್ಲಿ, ಸೈಕಲ್ ಹತ್ತುವ ಮೊದಲೇ! ಮಂಗ ಮೊದಲು ಓಡಿತು. ಬರೆದವರು ಆಮೇಲೆ ಓಡಿದರು!

ಇನ್ನು ಮೂರನೆಯ ಪುಸ್ತಕ. 1952. ಈ ಸಲ ಜಾರ್ಜ್ ಏನು ಮಾಡುತ್ತದೆ? ಇಷ್ಟು ಓದಿದ ಮೇಲೆ ನೀವು ಊಹಿಸಲೇಬೇಕು!

ಸೈಕಲ್ ತುಳಿಯುತ್ತದೆ!

ಹೌದು! ಹೊಚ್ಚ ಹೊಸ ಸೈಕಲ್ ಸಿಕ್ಕ ಜಾರ್ಜ್ ಪೇಪರ್ ಹಂಚಲು ಹೊರಡುತ್ತದೆ. ಅರ್ಧ ದಾರಿಯಲ್ಲಿ ಮನಸ್ಸು ಬದಲಾಗುತ್ತದೆ. ಪೇಪರನ್ನೆಲ್ಲ ಮಡಚಿ ದೋಣಿ ಮಾಡಿ ಹೊಳೆಗೆ ಬಿಡುತ್ತದೆ. ದೋಣಿ ಮಡಚುವ ಕ್ರಮವನ್ನೂ ಪುಸ್ತಕದಲ್ಲೇ ಹಂತ ಹಂತವಾಗಿ ಚಿತ್ರ ಬರೆದು ತೋರಿಸಿದ್ದಾರೆ. ಮಳೆಗಾಲದಲ್ಲಿ ಅಂಗಳದ ನೀರಿಗೆ ನೀವು ಬಿಟ್ಟ ಕಾಗದದ ದೋಣಿಯನ್ನೇ ಆ ಮಂಗವೂ ಬಿಟ್ಟಿದೆ!

1957ರ ಪುಸ್ತಕದಲ್ಲಿ ಇನ್ನೂ ಮೇಲೆ ಹಾರಿತು. ಎಲ್ಲಿಗೆ? ಬಾಹ್ಯಾಕಾಶಕ್ಕೆ! ಸ್ಪುಟ್ನಿಕ್ ಮೇಲೇರಿದ ವರ್ಷವೇ ಅದು. ಗಗಾರಿನ್ ಹಾರುವುದಕ್ಕೆ ಇನ್ನೂ ನಾಲ್ಕು ವರ್ಷ ಇತ್ತು. ಅಮೆರಿಕ ಹ್ಯಾಮ್ ಎಂಬ ನಿಜವಾದ ಚಿಂಪಾಂಜಿಯನ್ನು ರಾಕೆಟ್ಟಿನಲ್ಲಿ ಕೂರಿಸಿದ್ದೂ 1961ರಲ್ಲೇ. ಜಾರ್ಜ್ ಅವರೆಲ್ಲರಿಗಿಂತ ಮೊದಲೇ ಹೋಗಿ, ಪ್ಯಾರಾಚೂಟ್‌ನಲ್ಲಿ ಇಳಿದು, ಪದಕವನ್ನೂ ಕೊರಳಿಗೆ ಹಾಕಿಸಿಕೊಂಡಿತ್ತು!

1966ರಲ್ಲಿ ಏಳನೆಯ ಪುಸ್ತಕ ಬಂತು. ಚಿತ್ರ ಜೋಡಿಸುವ ಆಟದ ಒಂದು ತುಂಡನ್ನು ನುಂಗಿ ಜಾರ್ಜ್ ಆಸ್ಪತ್ರೆ ಸೇರುತ್ತದೆ. ಬಾಸ್ಟನ್‌ನ ಮಕ್ಕಳ ಆಸ್ಪತ್ರೆಯ ಜೊತೆ ಸೇರಿಯೇ ಮಾಡಿದ ಪುಸ್ತಕ ಅದು, ಆಸ್ಪತ್ರೆ ಕಂಡರೆ ನಡುಗುವ ಮಕ್ಕಳಿಗೆ ಧೈರ್ಯ ತುಂಬಲು. ಅಲ್ಲಿಗೆ ಮುಗಿಯಿತು. ಏಳೂವರೆ ಕೋಟಿಯ ಈ ಗದ್ದಲಕ್ಕೆಲ್ಲ ಬುನಾದಿ, ಇಪ್ಪತ್ತೈದು ವರ್ಷದಲ್ಲಿ ಇಬ್ಬರು ಕೂಡಿ ಮಾಡಿದ ಏಳೇ ಏಳು ಪುಸ್ತಕ!

ಅಂದ ಹಾಗೆ, ಒಂದು ವಿಷಯ ಗಮನಿಸಿದಿರಾ? ಜಾರ್ಜ್‌ನ ಚಿತ್ರವನ್ನು ಕಣ್ಣ ಮುಂದೆ ತಂದುಕೊಳ್ಳಿ. ದುಂಡು ಮುಖ. ಅಗಲ ನಗು. ಉದ್ದ ತೋಳು. ಬಾಲ?

ಇಲ್ಲ!

ಬಾಲವೇ ಇಲ್ಲ! ಪುಸ್ತಕದ ತುಂಬ ಕೋತಿ ಕೋತಿ ಎಂದು ಕರೆಯುತ್ತಾರೆ, ಒಂದು ಪುಟದಲ್ಲೂ ಬಾಲ ಬರೆದಿಲ್ಲ! ಬಾಲದಿಂದಲೇ ಲಂಕೆಗೆ ಬೆಂಕಿ ಹಚ್ಚಿದವನನ್ನು ಊರೂರಿನಲ್ಲಿ ಪೂಜಿಸುವ ನಮಗೆ ಇದು ಒಪ್ಪುವ ಮಾತೇ? ಬಾಲವಿಲ್ಲದ ಕೋತಿಯನ್ನು ನಮ್ಮ ಹಂಪಿಯ ಕೋತಿಗಳು ಪಂಕ್ತಿಯಲ್ಲೂ ಕೂರಿಸಿಕೊಳ್ಳಲಾರವು!

ಈ ಮನುಷ್ಯನಿಗೂ ಬಾಲಕ್ಕೂ ಏನೋ ವೈರ ಇತ್ತು. ಹಾಗನ್ನಲು ನನ್ನ ಬಳಿ ಇನ್ನೊಂದು ಸಾಕ್ಷಿ ಇದೆ. ಅದನ್ನು ನೋಡಲು ಈಗ ನೀವು ತಲೆ ಎತ್ತಿ ಆಕಾಶ ನೋಡಬೇಕು.

ಬೆನ್ನಚೀಲದ ಆ ನಕ್ಷತ್ರ ಪುಸ್ತಕ ನೆನಪಿದೆಯಲ್ಲ? ಯುದ್ಧಭೂಮಿಯಲ್ಲಿ ಅದನ್ನು ಓದುತ್ತಿದ್ದ ಹುಡುಗನಿಗೆ ಒಂದು ಸಿಟ್ಟು ಉಳಿದುಬಿಟ್ಟಿತ್ತು. ಪುಸ್ತಕಗಳು ಸಿಂಹ ಎನ್ನುತ್ತವೆ, ಕರಡಿ ಎನ್ನುತ್ತವೆ. ಮೇಲೆ ನೋಡಿದರೆ ಸಿಂಹವೂ ಇಲ್ಲ, ಕರಡಿಯೂ ಇಲ್ಲ! ಒಂದೋ ಅಲಂಕಾರದ ಹಳೆಯ ಚಿತ್ರಗಳು, ಇಲ್ಲವೇ ಅರ್ಥವಿಲ್ಲದ ಗೆರೆಗಳು. ನೋಡುವವನಿಗೆ ಆಕಾರ ಕಾಣುವ ಹಾಗೆ ಯಾಕೆ ಬರೆಯಬಾರದು?

ಮಂಗನನ್ನು ಬರೆದ ಕೈ ಆಕಾಶಕ್ಕೆ ಕೈ ಹಾಕಿತು! ಅವೇ ನಕ್ಷತ್ರಗಳು. ಒಂದನ್ನೂ ಅಲುಗಿಸಲಿಲ್ಲ. ನಡುವಿನ ಗೆರೆಗಳನ್ನು ಮಾತ್ರ ಹೊಸದಾಗಿ ಎಳೆದ. ಮಿಥುನ ರಾಶಿ ಕೈ ಕೈ ಹಿಡಿದು ನಿಂತ ಇಬ್ಬರು ಕಡ್ಡಿ ಮನುಷ್ಯರಾಯಿತು. ಮಗುವೂ ಗುರುತಿಸಬಹುದು! 1952ರಲ್ಲಿ, ಜಾರ್ಜ್ ಸೈಕಲ್ ತುಳಿದ ಅದೇ ವರ್ಷ, ಈ ನಕ್ಷತ್ರಗಳ ಪುಸ್ತಕವೂ ಬಂತು. ಮೆಚ್ಚಿ ಕಾಗದ ಬರೆದವರಲ್ಲಿ ಒಬ್ಬರ ಹೆಸರು ಹೇಳಲೇ?

ಆಲ್ಬರ್ಟ್ ಐನ್‌ಸ್ಟೈನ್!

ಈಗ ಬಾಲದ ವಿಷಯ. ನಮ್ಮ ಸಪ್ತರ್ಷಿ ಮಂಡಲವನ್ನು ಯುರೋಪಿನವರು ದೊಡ್ಡ ಕರಡಿಯ ಭಾಗ ಎನ್ನುತ್ತಾರೆ. ಸೌಟಿನಂತೆ ಕಾಣುವ ಆ ಏಳು ನಕ್ಷತ್ರಗಳಲ್ಲಿ ಹಿಡಿಯ ಮೂರನ್ನು ಶತಮಾನಗಳಿಂದ ಕರಡಿಯ ಬಾಲ ಎಂದು ಬರೆಯುತ್ತ ಬಂದಿದ್ದರು. ಉದ್ದನೆಯ ಬಾಲ! ಅಲ್ಲ ಸ್ವಾಮಿ, ಯಾವ ಕರಡಿಗೆ ಉದ್ದ ಬಾಲ ಇದೆ? ಮೃಗಾಲಯದ ಪಕ್ಕ ಬೆಳೆದವನನ್ನು ಯಾಮಾರಿಸಲು ಸಾಧ್ಯವೇ?

ರೇ ಏನು ಮಾಡಿದ ಗೊತ್ತೆ? ಕರಡಿಯನ್ನೇ ಹಿಂದೆ ಮುಂದೆ ತಿರುಗಿಸಿಬಿಟ್ಟ! ಬಾಲವಾಗಿದ್ದದ್ದು ಕತ್ತು-ತಲೆಯಾಯಿತು. ಬಾಲದ ತುದಿಯಾಗಿದ್ದ ನಕ್ಷತ್ರ ಮೂಗಿನ ತುದಿಯಾಯಿತು! ಹಿಮಕರಡಿಯ ಹಾಗೆ ಕತ್ತು ಚಾಚಿ ಮೂಸುತ್ತ ಹೊರಟ ಕರಡಿ!

ಆ ಮೂರು ನಕ್ಷತ್ರಗಳಿಗೆ ನಮ್ಮಲ್ಲಿ ಏನು ಹೆಸರು? ಅಂಗಿರಸ, ವಸಿಷ್ಠ, ಮರೀಚಿ. ತುದಿಯವನು ಮರೀಚಿ. ಅಂದರೆ ರೇ ಲೆಕ್ಕದಲ್ಲಿ ಮರೀಚಿ ಮಹರ್ಷಿ ಕೂತಿರುವುದು ಕರಡಿಯ ಮೂಗಿನ ಮೇಲೆ! ನಡುವೆ ವಸಿಷ್ಠ. ಅವನಿಗೆ ಅಂಟಿಕೊಂಡಂತೆ ಮಿಣಮಿಣ ಎನ್ನುವ ಚುಕ್ಕಿ ಅರುಂಧತಿ. ಮುಹೂರ್ತ ಮಟಮಟ ಮಧ್ಯಾಹ್ನಕ್ಕಿದ್ದರೂ ಪುರೋಹಿತರು ಬೆರಳು ಮಾಡಿ, ವಧೂವರರು ತಲೆಯಾಡಿಸಿ “ಕಂಡಿತು” ಎನ್ನುವ ಅರುಂಧತಿ! ಆಕೆ ಇರುವುದು ಈ ಕರಡಿಯ ನೆತ್ತಿಯ ಆಸುಪಾಸಿನಲ್ಲಿ.

ಮಾರ್ಚ್‌ನಿಂದ ಜೂನ್‌ವರೆಗೆ ಸಂಜೆ ಕತ್ತಲಾದ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಮೊದಲು ಮೂಗು ಹುಡುಕಿ. ಆಮೇಲೆ ಕತ್ತು. ಆಮೇಲೆ ಬೆನ್ನು, ಕಾಲು. ಎಷ್ಟು ಹುಡುಕಿದರೂ ಉದ್ದ ಬಾಲ ಮಾತ್ರ ಸಿಕ್ಕದು!